ಮಂಜು ಬಿತ್ತಂತೆ

ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅಂಕಾರಾದಿಂದ ವಿಡಿಯೊ ಕಾಲ್ ಬಂತು. ಅಲ್ಲಿ ಎಂಟು ಗಂಟೆ, ತೊಂಡೇಬಾವಿಯಲ್ಲಿ ಹತ್ತೂವರೆ. ನಾನು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಮಗಳಿಗಿಂತ ಮುಂಚೆ ಮೊಮ್ಮಗನ ಮುಖ ಬಂತು, ಅದೂ ಅರ್ಧ. ಹಣೆ ಮತ್ತು ಒಂದು ಕಣ್ಣು.

“ಅಜ್ಜೀ, ಮಂಜು ಬಿತ್ತಂತೆ!”

ಅಂದವನೇ ಫೋನನ್ನು ಕಿಟಕಿಯ ಕಡೆ ತಿರುಗಿಸಿದ. ಬೀದಿಯಲ್ಲಿ ನಿಂತಿದ್ದ ಕಾರುಗಳು ಯಾವುದು ಯಾರದೆಂದು ಗುರುತು ಸಿಗದಷ್ಟು ಬಿಳಿ. ಬಾಲ್ಕನಿಯ ಕಂಬಿಯ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಕೂತಿತ್ತು. ಅಷ್ಟು ತೆಳ್ಳಗಿನ ಕಂಬಿಯ ಮೇಲೆ ಅಷ್ಟು ದಪ್ಪಗೆ ಹೇಗೆ ಬೀಳದೆ ನಿಂತಿದೆಯೋ!

“ಕಣ್ಣೆದುರಿಗೇ ಬಿದ್ದಿದೆಯಲ್ಲೋ, ‘ಅಂತೆ’ ಯಾಕೆ? ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳ್ಲಿಲ್ಲ. ನಾನು ಮಲಗಿದ್ದೆ. ಬೀಳೋದು ನೋಡ್ಲಿಲ್ಲ.”

ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವಳು ನಾನು. ಇಂಥ ವಾಕ್ಯ ಕಂಡರೆ ಕೆಂಪು ಶಾಯಿಯಲ್ಲಿ ಗೀಟು ಎಳೆದು ಅಭ್ಯಾಸ. ಆದರೆ ಆ ಹುಡುಗ ಕೊಟ್ಟ ಕಾರಣಕ್ಕೆ ಎಲ್ಲಿ ಗೀಟು ಎಳೆಯುವುದೆಂದು ತೋಚಲಿಲ್ಲ. ಸುಲಿದ ಕಾಳು ಸಿಪ್ಪೆಯ ಮೊರಕ್ಕೆ ಬೀಳುತ್ತಿದೆ ಅನ್ನುವುದು ಗೊತ್ತಾಗಿದ್ದು ಎಷ್ಟೋ ಹೊತ್ತಿಗೆ.

ಸಂಜೆ ಮಗಳೇ ಮತ್ತೆ ಫೋನ್ ಮಾಡಿ ನಕ್ಕಳು. “ಅವನು ಟರ್ಕಿಶ್‌ನಲ್ಲಿ ಸರಿಯಾಗೇ ಯೋಚನೆ ಮಾಡಿದಾನಮ್ಮ. ಬಾಯಿಗೆ ಕನ್ನಡ ಬಂದಿದೆ, ಅಷ್ಟೆ.” ಗಂಡನ ಕೆಲಸದ ದೆಸೆಯಿಂದ ಅವರು ಅಲ್ಲಿಗೆ ಹೋಗಿ ನಾಲ್ಕು ವರ್ಷವಾಯಿತು, ಹುಡುಗ ಅಲ್ಲಿನ ಮಕ್ಕಳ ಜೊತೆ ಆಡಿ ಬೆಳೆದವನು. ಅವತ್ತಿನಿಂದ ಒಂದು ತಿಂಗಳು ಫೋನಿನಲ್ಲೇ ನನಗೆ ಪಾಠವಾಯಿತು. ಒಂದೇ ಪದದ ಪಾಠ.

ಬೀಳುವ ಮಂಜಿಗೆ ಅವರು ‘ಕರ್’ ಅನ್ನುತ್ತಾರೆ. ನಮ್ಮ ಹಾಗೆಯೇ ಪದದ ಹಿಂದೆ ಪ್ರತ್ಯಯ ಅಂಟಿಸಿ ನಡೆಸುವ ಭಾಷೆ. ಮಂಜಿನಲ್ಲಿ ಅಂದರೆ ‘ಕರ್ದಾ’, ಮಂಜಿನಿಂದ ಅಂದರೆ ‘ಕರ್ದಾನ್’, ಮಂಜಿಗೆ ಅಂದರೆ ‘ಕರಾ’. ಪ್ರತ್ಯಯದ ಸ್ವರ ಮೂಲಪದದ ಸ್ವರಕ್ಕೆ ಹೊಂದಿಕೊಳ್ಳಬೇಕು ಅನ್ನುವುದೊಂದು ಕಟ್ಟಳೆ. ಮನೆಗೆ ‘ಎವ್’, ಮನೆಯಲ್ಲಿ ಅನ್ನಲು ‘ಎವ್ದಾ’ ಅನ್ನುವಂತಿಲ್ಲ, ‘ಎವ್ದೆ’ ಅನ್ನಬೇಕು. ಮಕ್ಕಳು ಅಂಗಳದಲ್ಲಿ ಮೆತ್ತಿ ನಿಲ್ಲಿಸುವ ಬೊಂಬೆಗೆ ‘ಕರ್ದಾನ್ ಆದಾಮ್’, ಮಂಜಿನಿಂದ ಆದ ಮನುಷ್ಯ. ಈ ಆದಾಮ್ ಯಾರೆಂದು ನಮ್ಮ ಎದುರುಮನೆ ಆಪಾಗೆ ಹೇಳಿಕೊಡಬೇಕಾಗಲಿಲ್ಲ. “ಹಮಾರಾಚ್ ಆದ್ಮಿ” ಅಂದರು.

‘ಕರಾ’ ಅಂದರೆ ಮಂಜಿಗೆ. ಅದೇ ‘ಕರಾ’ ಅಂದರೆ ಕಪ್ಪು ಅಂತಲೂ ಅರ್ಥ. ನಮ್ಮ ‘ಕರಿ’ಯೂ ಕಪ್ಪೇ ಅಲ್ಲವೇ ಎಂದು ಒಂದು ಕ್ಷಣ ಹಿಗ್ಗಿದೆ. ಹಿಗ್ಗಿದ್ದಷ್ಟೇ. ಎರಡು ಭಾಷೆಯ ಎರಡು ಪದಗಳ ಸದ್ದು ಕೂಡಿದರೆ ಸಾಕು, ಬೀಗರು ಎಂದು ತಾಂಬೂಲ ಬದಲಾಯಿಸಲು ಕೂರುವವರ ಕಾಟ ನಾನು ಸಾಕಷ್ಟು ಕಂಡಿದ್ದೇನೆ. ನಿಜವಾದ ನೆಂಟಸ್ತಿಕೆ ಇರುವುದು ಇನ್ನೊಂದು ಪದದಲ್ಲಿ. ಮಂಜಿನ ‘ಕರ್’ಗೆ ಬರೆಯುವ ಅದೇ ಮೂರು ರೋಮನ್ ಅಕ್ಷರ ಬರೆದು ನಡುವಿನ ಅಕಾರಕ್ಕೆ ಪುಟ್ಟ ಟೋಪಿ ಹಾಕಿದರೆ ‘ಕ್ಯಾರ್’ ಆಗುತ್ತದೆ, ಲಾಭ ಎಂದರ್ಥ. ಇದು ಪಾರಸಿಯಿಂದ ಹೋದದ್ದು, ಅಲ್ಲಿ ಕೆಲಸ ಎಂಬ ಅರ್ಥವೂ ಉಂಟು. ನಮ್ಮೂರಿನ ಸಿಮೆಂಟ್ ‘ಕಾರ್ಖಾನೆ’ ಎಂಬ ಪದದ ಮೊದಲ ಅಕ್ಷರಗಳಲ್ಲಿ ಇರುವುದೂ ಅದೇ ‘ಕಾರ್’.

ಇರಲಿ. ವಿಷಯ ಇರುವುದು ಕ್ರಿಯಾಪದದಲ್ಲಿ. ಮಳೆ, ಮಂಜು, ಆಲಿಕಲ್ಲು ಮೂರಕ್ಕೂ ಅವರಿಗೆ ಒಂದೇ ಧಾತು. ಈಗ ಬೀಳುತ್ತಿದ್ದರೆ ‘ಕರ್ ಯಾಯಿಯೋರ್’. ಬಿದ್ದು ಮುಗಿದಿದ್ದರೆ ದಾರಿ ಎರಡಾಗಿ ಒಡೆಯುತ್ತದೆ. ಬೀಳುವುದನ್ನು ಕಂಡವನು ‘ಕರ್ ಯಾದಿ’ ಅನ್ನುತ್ತಾನೆ. ಬೆಳಗೆದ್ದು ಬಿಳಿ ನೆಲ ಕಂಡವನು, ಇಲ್ಲವೇ ಬೇರೆ ಊರಿನಿಂದ ಸುದ್ದಿ ಕೇಳಿದವನು, ‘ಕರ್ ಯಾಮಿಶ್’ ಅನ್ನಬೇಕು. ಕೊನೆಯ ಸ್ವರ ನಮ್ಮ ಇಕಾರವೂ ಅಲ್ಲ ಉಕಾರವೂ ಅಲ್ಲ, ಎರಡರ ನಡುವೆ ಗಂಟಲಲ್ಲಿ ಎಲ್ಲೋ ಇದೆ. ನನಗೆ ಇನ್ನೂ ಒಲಿದಿಲ್ಲ. ‘ದಿ’ ಎದುರಿಗಿದ್ದವನ ಪ್ರತ್ಯಯ, ‘ಮಿಶ್’ ಎದುರಿಗಿಲ್ಲದವನ ಪ್ರತ್ಯಯ. ಇದು ಇತ್ತೀಚಿನ ವ್ಯಾಕರಣಕಾರರ ಕುಸುರಿಯಲ್ಲ. ಮಹ್ಮೂದ್ ಕಾಶ್ಗರಿ 1070ರ ದಶಕದಲ್ಲಿ ಅರಬ್ಬರಿಗಾಗಿ ತುರ್ಕಿ ಪದಗಳ ದೊಡ್ಡ ಕೋಶ ಮಾಡಿದಾಗಲೇ ಇದನ್ನು ಬರೆದಿಟ್ಟಿದ್ದಾನೆ: ಹೋದದ್ದನ್ನು ಕಂಡು ಹೇಳಿದರೆ ಒಂದು ರೂಪ, ಕಾಣದೆ ಹೇಳಿದರೆ ಇನ್ನೊಂದು.

ನಮ್ಮಲ್ಲಿ ಇಲ್ಲವೇ? ತೊಂಡೇಬಾವಿಯಲ್ಲಿ ಇದು ಮೂರು ಭಾಷೆಯಲ್ಲಿ ಇದೆ. ಮನೆಯಲ್ಲಿ ತೆಲುಗಾಡುವವರಿಗೆ ‘ಅಂಟ’: ವಾನ ವಚ್ಚಿಂದಂಟ. ಕನ್ನಡಕ್ಕೆ ‘ಅಂತೆ’: ಮಳೆ ಬಂತಂತೆ. ಆಪಾ ಅವರ ಮನೆಯ ಉರ್ದುವಿನಲ್ಲಿ ‘ಕತೆ’: ಬಾರಿಶ್ ಹುಯೀ ಕತೆ. ಈ ‘ಕತೆ’ ದೆಹಲಿಯ ಉರ್ದುವಿನಲ್ಲಿಲ್ಲ. ದಖನಿಯವರು ನಮ್ಮ ನಡುವೆ ಇದ್ದು ಇದ್ದು, ‘ಅಂತೆ’ ಇಲ್ಲದೆ ಬದುಕುವುದು ಕಷ್ಟವೆಂದು ‘ಹೇಳ್ತಾರೆ’ ಎಂಬ ಕ್ರಿಯಾಪದವನ್ನು ಸವೆಸಿ ಮಾಡಿಕೊಂಡದ್ದು. ಕನ್ನಡದವರ ಕಿವಿಗೆ ಅದು ಕಥೆ ಅಂತಲೇ ಕೇಳಿಸುತ್ತದೆ. ಅದೂ ಸರಿಯೇ.

ಆದರೆ ನಮ್ಮ ‘ಅಂತೆ’ಗೆ ಕಿವಿ ಮಾತ್ರ ಇದೆ, ಕಣ್ಣಿಲ್ಲ. ಬೆಳಗ್ಗೆ ಒದ್ದೆ ನೆಲ ಕಂಡರೆ ನಾವು ‘ಮಳೆ ಬಂದಿದೆ’ ಅನ್ನುತ್ತೇವೆ, ‘ಬಂತಂತೆ’ ಅನ್ನುವುದಿಲ್ಲ. ಟರ್ಕಿಶ್‌ನ ‘ಮಿಶ್’ ಎರಡನ್ನೂ ಒಂದೇ ಜೋಳಿಗೆಗೆ ಹಾಕುತ್ತದೆ: ಕೇಳಿದ್ದು, ಗುರುತು ನೋಡಿ ಊಹಿಸಿದ್ದು. ಮೊಮ್ಮಗ ಎಡವಿದ್ದು ಅಲ್ಲಿ. ಇನ್ನೂ ಒಂದು ವ್ಯತ್ಯಾಸವಿದೆ, ನನಗೆ ಅದೇ ದೊಡ್ಡದು. ನಾವು ‘ಅಂತೆ’ಯನ್ನು ಕೀಳು ಮಾಡಿಬಿಟ್ಟಿದ್ದೇವೆ. ಅಂತೆಕಂತೆ ಅಂದರೆ ಬೈಗುಳ. ‘ಅವನು ಬಲು ಒಳ್ಳೆಯವನಂತೆ’ ಎಂದು ದನಿ ಸ್ವಲ್ಪ ಎಳೆದರೆ ಅವನ ಮಾನ ಉಳಿಯುವುದಿಲ್ಲ. ‘ಮಿಶ್’ಗೂ ಈ ಕೊಂಕು ಬರುತ್ತದಂತೆ, ಮಗಳ ಮಾತು, ಆದರೆ ಬಿಳಿ ನೆಲ ನೋಡಿ ‘ಯಾಮಿಶ್’ ಅನ್ನುವವನಿಗೆ ಮಂಜಿನ ಬಗ್ಗೆ ಎಳ್ಳಷ್ಟೂ ಸಂಶಯವಿಲ್ಲ. ತಾನು ಅಲ್ಲಿರಲಿಲ್ಲ ಎಂದು ಹೇಳುತ್ತಿದ್ದಾನೆ, ಅಷ್ಟೆ.

ಇದೆಲ್ಲ ತಲೆಯಲ್ಲಿ ಸುತ್ತುತ್ತಿದ್ದಾಗಲೇ ನಮ್ಮ ಭಜನೆಮನೆಯಲ್ಲಿ ಒಂದು ಮಾತು ನಡೆಯಿತು. ಅಲ್ಲಿ ಶನಿವಾರ ಉಪನ್ಯಾಸ ಮಾಡುವ ಹಿರಿಯರೊಬ್ಬರಿದ್ದಾರೆ. ಓದಿಕೊಂಡವರು, ಗಂಟಲು ಚೆನ್ನಾಗಿದೆ. ಯಾವುದೋ ಕಥೆ ಎತ್ತಿಕೊಂಡು ನಾನು “ಭಗವಂತ ಆಗ ಪ್ರತ್ಯಕ್ಷ ಆದನಂತೆ” ಅಂದೆ. ಅವರು ತಟ್ಟನೆ, “ಟೀಚರಮ್ಮಾ, ದೇವರ ವಿಷಯದಲ್ಲಿ ಆ ಅಂತೆ ಬೇಡ, ತೆಗೀರಿ. ಆದ, ಅನ್ನಿ” ಅಂದರು. ನಾಲ್ಕು ಜನ ತಲೆಯಾಡಿಸಿದರು. ನಾನೂ ಪ್ರಸಾದ ತೆಗೆದುಕೊಂಡು ಬಂದೆ. ಮನೆಗೆ ಬರುವ ದಾರಿಯಲ್ಲಿ, ಲೆವೆಲ್ ಕ್ರಾಸಿಂಗ್ ಹತ್ತಿರ ಹಿಂದೂಪುರದ ಕಡೆಯ ಗಾಡಿಗೆ ಗೇಟ್ ಹಾಕಿದ್ದರು, ಅಲ್ಲಿ ನಿಂತುಕೊಂಡು ಯೋಚಿಸಿದೆ: ಅವರು ಕಂಡಿದ್ದಾರೆಯೇ? ನನ್ನ ಹಾಗೆ ಅವರೂ ಕೇಳಿದವರೇ ಅಲ್ಲವೇ? ಹಾಗಿದ್ದ ಮೇಲೆ ‘ಆದ’ ಎಂಬ ಪ್ರತ್ಯಯದ ಮೇಲೆ ಅವರಿಗೆ ಯಾವ ಹಕ್ಕು?

ನಂಬಿಕೆ ಗಟ್ಟಿಯಾಗಬೇಕಾದರೆ ಕ್ರಿಯಾಪದ ಗಟ್ಟಿಯಾಗಬೇಕು ಎಂದು ಯಾಕೆ ಅಂದುಕೊಂಡೆವೋ.

ವಿದುರಾಶ್ವತ್ಥ ನಮಗೆ ದೂರವಲ್ಲ. ಅದೇ ರೈಲುದಾರಿ, ಗೌರಿಬಿದನೂರು ಕಳೆದು ಮುಂದೆ. ನನ್ನ ತಾತ ಅಲ್ಲಿನ ಎರಡು ಸಂಗತಿ ಹೇಳುತ್ತಿದ್ದರು. ಒಂದು, ವಿದುರ ಅಲ್ಲಿ ಅರಳಿಮರ ನೆಟ್ಟದ್ದು. ಇನ್ನೊಂದು, 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು. ಆಗ ತಾತನಿಗೆ ಹದಿನೆಂಟು. ಮೊದಲನೆಯದು ಪೂರ್ತಿ ‘ಅಂಟ’ದಲ್ಲಿ ನಡೆಯುತ್ತಿತ್ತು: ಕೃಷ್ಣ ಹೇಳಿದನಂತೆ, ವಿದುರ ನೆಟ್ಟನಂತೆ. ಎರಡನೆಯದಕ್ಕೆ ಬಂದಾಗ ಪ್ರತ್ಯಯ ಬದಲಾಗುತ್ತಿತ್ತು: ನಿಂತಿದ್ದೆ, ಸದ್ದು ಕೇಳಿತು, ಓಡಿದೆ, ಒಂದು ಚಪ್ಪಲಿ ಬಿಟ್ಟುಹೋಯಿತು. ಆದರೆ ಸತ್ತವರ ಲೆಕ್ಕಕ್ಕೆ ಬಂದ ಕೂಡಲೇ ಮತ್ತೆ ‘ಅಂಟ’. “ಇಷ್ಟು ಜನ ಸತ್ತರಂತೆ.” ಓಡುತ್ತಿದ್ದವರು ಎಣಿಸಿರಲಿಲ್ಲವಲ್ಲ. ಇವತ್ತಿಗೂ ಆ ಲೆಕ್ಕ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸ್ಕೂಲಿನ ಮೆಟ್ಟಿಲು ಹೆಚ್ಚು ಹತ್ತದ ಮುದುಕ ಒಂದೇ ಉಸಿರಿನಲ್ಲಿ ತಾನು ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಗಂಟು ಕಟ್ಟಿಡುತ್ತಿದ್ದ. ಅಷ್ಟಾಗಿ, ವಿದುರನ ಮರದ ಮುಂದೆ ನಿಂತಾಗ ತಾತ ಕೈ ಮುಗಿದದ್ದು ಸಡಿಲವಾಗಿರುತ್ತಿತ್ತು ಅಂತ ನನಗೆ ಒಂದು ದಿನವೂ ಅನಿಸಿಲ್ಲ. ‘ಅಂತೆ’ ಅನ್ನುತ್ತಲೇ ನೂರೆಂಟು ಪ್ರದಕ್ಷಿಣೆ ಹಾಕುತ್ತಿದ್ದರು.

ಆ ಮರ 2001ರಲ್ಲಿ ಉರುಳಿತು. ನಂಬಿದ್ದು ಕೈಕೊಟ್ಟಾಗ ಟರ್ಕಿಯವರು ‘ನಾನು ನೆಚ್ಚಿದ ಬೆಟ್ಟಗಳ ಮೇಲೆ ಮಂಜು ಬಿತ್ತು’ ಅನ್ನುತ್ತಾರಂತೆ. ಅಲ್ಲಿ ಮಾತ್ರ ‘ಮಿಶ್’ ಇಲ್ಲ, ‘ಯಾದಿ’ಯೇ. ಅಂಥದ್ದನ್ನು ಯಾರೂ ಬೇರೆಯವರ ಬಾಯಿಂದ ಕೇಳಿ ತಿಳಿಯುವುದಿಲ್ಲ.

ಕಾಣದ್ದನ್ನು ಯಾವ ಅಧಿಕಾರದ ಮೇಲೆ ಹೇಳಬೇಕು ಅನ್ನುವುದಕ್ಕೆ ನಮ್ಮ ಹಿಂದಿನವರು ಎಷ್ಟು ತಲೆ ಕೆಡಿಸಿಕೊಂಡಿದ್ದಾರೆ ಎಂದರೆ, ಅವರ ಮೆಚ್ಚಿನ ಉದಾಹರಣೆಯೂ ಮಳೆಯೇ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಹೇಳುತ್ತಾನೆ: ಹೊಳೆ ತುಂಬಿ ರಭಸವಾಗಿ ಬರುತ್ತಿದ್ದರೆ ಮೇಲೆ ಮಳೆಯಾಗಿದೆ ಎಂದು ಊಹಿಸಬಹುದು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಪಕ್ಕದಲ್ಲಿ ಆಂಧ್ರಕ್ಕೆ ಹೋಗುವ ಉತ್ತರ ಪಿನಾಕಿನಿಯನ್ನು ಕಂಡವರಿಗೆ ಇದು ಪುಸ್ತಕದ ಮಾತಲ್ಲ. ವರ್ಷದ ಬಹುಪಾಲು ಅಲ್ಲಿ ಮರಳು. ಒಂದು ಬೆಳಗ್ಗೆ ನೀರು ಕಂಡರೆ ‘ನಂದಿ ಕಡೆ ಚೆನ್ನಾಗಿ ಹುಯ್ದಿದೆ’ ಅನ್ನುವುದು ದನ ಮೇಯಿಸುವ ಹುಡುಗನಿಗೂ ಗೊತ್ತು.

ಎದುರಾಳಿ ಸುಮ್ಮನೆ ಬಿಡುತ್ತಾನೆಯೇ? ಹೊಳೆ ತುಂಬುವುದಕ್ಕೆ ಮಳೆಯೇ ಬೇಕಾಗಿಲ್ಲ, ಎಲ್ಲೋ ತಡೆ ಬಿದ್ದರೂ ನೀರು ಏರುತ್ತದೆ. ಇರುವೆ ಮೊಟ್ಟೆ ಹೊತ್ತು ಹೊರಟರೆ ಮಳೆ ಬರುತ್ತದೆ ಅನ್ನುತ್ತೀರಿ, ಗೂಡು ಕೆಡಿಸಿದರೂ ಅದು ಹೊರಡುತ್ತದೆ. ನವಿಲಿನ ಕೂಗು ಅನ್ನುತ್ತೀರಿ, ನವಿಲಿನ ಹಾಗೆ ಕೂಗುವ ಮನುಷ್ಯನಿದ್ದರೆ? ಈ ಆಕ್ಷೇಪ ಓದಿದಾಗ ನನಗೆ ಚಿಕ್ಕಬಳ್ಳಾಪುರದ ಕಂದವಾರ ಕೆರೆ ನೆನಪಾಯಿತು. ತುಂಬಿದೆ, ಮಳೆ ಚೆನ್ನಾಗಿ ಆಗಿರಬೇಕು ಎಂದು ಬಸ್ಸಿನಲ್ಲಿ ಹೋಗುವವರು ಖುಷಿಪಡುತ್ತಾರೆ. ಬಂದದ್ದು ಬೆಂಗಳೂರಿನ ಮನೆಗಳ ಬಚ್ಚಲ ನೀರು. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಸಂಸ್ಕರಿಸಿ ಪೈಪಿನಲ್ಲಿ ಏರಿಸಿ ಬಿಟ್ಟದ್ದು. ಎರಡು ಸಾವಿರ ವರ್ಷದ ಹಿಂದಿನ ಪೂರ್ವಪಕ್ಷಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿಕಟ್ಟೆ ಹತ್ತಿದಂತಾಯಿತು.

ವಾತ್ಸ್ಯಾಯನನ ಉತ್ತರ ನನಗೆ ಬಲು ಇಷ್ಟ. ನೀರು ಏರಿದೆ ಅಂತಷ್ಟೇ ನೋಡಿ ಊಹಿಸಬೇಡಿ ಅನ್ನುತ್ತಾನೆ. ಹರಿವು ಚುರುಕಾಗಿದೆಯೇ, ನೊರೆ ಇದೆಯೇ, ಹಣ್ಣು, ಎಲೆ, ಕಟ್ಟಿಗೆ ತೇಲಿಬರುತ್ತಿದೆಯೇ ನೋಡಿ, ಆಮೇಲೆ ಹೇಳಿ. ಹೇಳುವಾಗ ಅವನ ಸಂಸ್ಕೃತ ವಾಕ್ಯ ‘ಮೇಲೆ ದೇವರು ಮಳೆಗರೆದಿದ್ದಾನೆ’ ಎಂದು ಮುಗಿಯುತ್ತದೆ. ಅಷ್ಟೊಂದು ಜಾಗ್ರತೆಯಿಂದ ನೊರೆ, ಎಲೆ ಎಣಿಸಿದವನು ದೇವರನ್ನು ಎಲ್ಲಿಂದ ತಂದ? ಊಹೆಯಿಂದ ತಂದದ್ದಲ್ಲ, ಅದು ಭಾಷೆಯ ರೂಢಿ. ಸಂಸ್ಕೃತದಲ್ಲಿ ಮಳೆ ಸುರಿಸುವ ಕರ್ತೃಪದ ‘ದೇವ’. ಟರ್ಕಿಶ್‌ನಲ್ಲಿ ಮಂಜು ತಾನೇ ಬೀಳುತ್ತದೆ, ಕನ್ನಡದಲ್ಲಿ ಮಳೆ ತಾನೇ ಬರುತ್ತದೆ. ಕರ್ತೃ ಯಾರು ಎಂದು ವ್ಯಾಕರಣವನ್ನು ಕೇಳಿದರೆ ಒಂದೊಂದು ಊರಿನಲ್ಲಿ ಒಂದೊಂದು ಉತ್ತರ ಸಿಗುತ್ತದೆ.

ಗೌರಿಬಿದನೂರಿನಲ್ಲಿ ‘ಮಿಶ್’ ಎಂಬ ಪ್ರತ್ಯಯಕ್ಕೆ ಸರ್ಕಾರವೇ ಒಂದು ಕೇಂದ್ರ ಕಟ್ಟಿಸಿದೆ ಅನ್ನಬಹುದು. ಇವತ್ತು ಭಾಭಾ ಪರಮಾಣು ಸಂಶೋಧನಾ ಕೇಂದ್ರ ಎನಿಸಿಕೊಂಡಿರುವ ಸಂಸ್ಥೆಯವರು 1965ರಲ್ಲಿ ಅಲ್ಲಿ ಭೂಕಂಪನ ಮಾಪಕಗಳನ್ನು ಸಾಲಾಗಿ ನೆಟ್ಟರು. ಸಾವಿರಾರು ಮೈಲಿ ದೂರದಲ್ಲಿ ಯಾರಾದರೂ ನೆಲದೊಳಗೆ ಅಣುಬಾಂಬ್ ಸಿಡಿಸಿದರೆ ನಮ್ಮ ಬಂಡೆಗಳು ಅದುರುವ ಬಗೆ ನೋಡಿ ‘ಸಿಡಿದಿದೆ’ ಎಂದು ತಿಳಿಯಲು. ಭೂಕಂಪವೋ ಬಾಂಬೋ ಎಂದು ಬೇರ್ಪಡಿಸುವುದೇ ಅಲ್ಲಿನ ಕಸಬು; ವಾತ್ಸ್ಯಾಯನನ ನೊರೆ ಮತ್ತು ಎಲೆ. ಯಾರೂ ಕಣ್ಣಾರೆ ಕಂಡಿರುವುದಿಲ್ಲ. ಆದರೂ ಅಲ್ಲಿ ಕೂತವರು ಹೇಳುವುದನ್ನು ಅಂತೆಕಂತೆ ಎಂದು ಯಾರೂ ನಗುವುದಿಲ್ಲ.

ದೇವರಿಗೆ ಈ ದಾರಿ ಸಾಕೇ? ಜಗತ್ತೆಂಬ ಕಾರ್ಯ ನೋಡಿ ಕರ್ತೃವನ್ನು ಊಹಿಸಬಹುದು ಎಂದು ನೈಯಾಯಿಕರು, ಮುಖ್ಯವಾಗಿ ಉದಯನ, ದೊಡ್ಡ ಗ್ರಂಥವನ್ನೇ ಬರೆದರು. ಬಿಳಿ ನೆಲ ನೋಡಿ ‘ಯಾಮಿಶ್’ ಅಂದ ಹಾಗೆ. ರಾಮಾನುಜರು ಒಪ್ಪಲಿಲ್ಲ. ಮೇಲುಕೋಟೆಯ ನಂಟಿನಿಂದ ನಮಗೆ ಹತ್ತಿರದವರಾದ ಈ ಆಚಾರ್ಯರು ಶ್ರೀಭಾಷ್ಯದಲ್ಲಿ, ಊಹೆಯಿಂದ ಬ್ರಹ್ಮ ಸಿದ್ಧಿಸುವುದಿಲ್ಲ, ಶಾಸ್ತ್ರ ಹೇಳಿದ್ದರಿಂದಲೇ ತಿಳಿಯಬೇಕು ಎಂದು ಪಟ್ಟು ಹಿಡಿಯುತ್ತಾರೆ. ಅಂದರೆ ಕೇಳಿ ತಿಳಿಯಬೇಕು. ಅಂದರೆ, ಭಜನೆಮನೆಯ ಹಿರಿಯರ ಕ್ಷಮೆ ಕೋರಿ, ಅಂತೆ.

ಈ ‘ಅಂತೆ’ಯಲ್ಲೂ ತರತಮವಿದೆ. ಮೊದಲು ಹೇಳಿದವರು ಯಾರೆಂದು ಗೊತ್ತಿಲ್ಲದೆ ಬಾಯಿಂದ ಬಾಯಿಗೆ ಬಂದ ಮಾತಿಗೆ ಐತಿಹ್ಯ ಎಂದು ಹೆಸರು. ‘ಇತಿ ಹ’ ಎಂಬುದರಿಂದ ಹುಟ್ಟಿದ ಪದ. ಕನ್ನಡದಲ್ಲಿ ಹೇಳುವುದಾದರೆ ಹೀಗಂತೆ. ನ್ಯಾಯದವರು ಅದನ್ನು ಕಸಕ್ಕೆ ಎಸೆಯಲಿಲ್ಲ, ಶಬ್ದ ಪ್ರಮಾಣದ ಒಳಗೇ ಒಂದು ಮೂಲೆ ಕೊಟ್ಟರು. ವಿದುರನ ಮರ ಆ ಮೂಲೆಯದು. ಕೈವಾರದ ಬೆಟ್ಟದ ಮೇಲೆ ಭೀಮ ಬಕಾಸುರನನ್ನು ಕೊಂದದ್ದೂ ಆ ಮೂಲೆಯದೇ. ಇನ್ನು ವೇದಕ್ಕೆ ಬಂದರೆ ಮೀಮಾಂಸಕರು ಎಲ್ಲರನ್ನೂ ಮೀರಿಸುತ್ತಾರೆ: ಅದನ್ನು ಯಾರೂ ಹೇಳಿಯೇ ಇಲ್ಲ, ಅದು ಅಪೌರುಷೇಯ. ಹೇಳಿದವರೇ ಇಲ್ಲದ ಅಂತೆ! ಮೊದಲ ಸಲ ಇದು ಹೊಳೆದಾಗ ನನಗೆ ನಗು ಬಂತು, ಆಮೇಲೆ ಸ್ವಲ್ಪ ಭಯವೂ ಆಯಿತು. ಸುಳ್ಳು ಹೇಳಲು ಒಬ್ಬ ಹೇಳುವವನಾದರೂ ಬೇಕಲ್ಲ. ಅವನನ್ನೇ ತೆಗೆದುಬಿಟ್ಟರೆ ಆ ಮಾತನ್ನು ಯಾವ ಕೋರ್ಟಿಗೆ ಎಳೆಯುವುದು?

‘ಕಂಡೆ’ ಎಂದು ಸಾಕ್ಷಿಯ ಪ್ರತ್ಯಯದಲ್ಲೇ ಮಾತಾಡಿದವರೂ ನಮ್ಮಲ್ಲಿ ಇದ್ದಾರೆ, ಶರಣರು, ದಾಸರು. ಅವರು ಹಾಗೆ ಹೇಳಬಹುದು. ಅವರ ಪದ ಹಾಡುವ ನಾನು ಹಾಡುವಷ್ಟು ಹೊತ್ತು ಆ ಪ್ರತ್ಯಯವನ್ನು ಎರವಲು ತಂದಿರುತ್ತೇನೆ. ಹಾರ್ಮೋನಿಯಂ ಮುಚ್ಚಿದ ಮೇಲೆ ವಾಪಸು ಕೊಡಬೇಕು ಅನ್ನುವುದಷ್ಟೇ ನನ್ನ ತಕರಾರು.

ನನ್ನ ವಿಷಯದಲ್ಲೇ ನಾನು ಸಾಕ್ಷಿಯಲ್ಲ ಅನ್ನುವುದು ಗೊತ್ತಾದದ್ದು ಶಿವರಾತ್ರಿಯಂದು. ಊರ ಈಶ್ವರನ ಗುಡಿಯಲ್ಲಿ ಜಾಗರಣೆಗೆ ಕೂತಿದ್ದೆ. ಕಂಬಕ್ಕೆ ಒರಗಿದ್ದು ನೆನಪಿದೆ. ಮೂರನೇ ಯಾಮದ ಅಭಿಷೇಕ ಶುರುವಾಗುವುದನ್ನು ಕಾಯುತ್ತಿದ್ದೆ, ನೋಡಿದರೆ ಪೂಜಾರಿಗಳು ತೀರ್ಥ ಕೊಡುತ್ತಿದ್ದಾರೆ. “ನಿದ್ದೆ ಏನೂ ಮಾಡಲಿಲ್ಲಪ್ಪ” ಅಂದೆ, ಯಾರೂ ಕೇಳದಿದ್ದರೂ. ಪಕ್ಕದ ಹೆಂಗಸು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು, “ಗೊರಕೆ ಹೊಡೀತಿದ್ರಿ ಟೀಚರಮ್ಮ” ಅಂದಳು.

ಮಗಳಿಗೆ ಹೇಳಿದರೆ ಅವಳು ಇದಕ್ಕೂ ಒಂದು ಪದ ಕೊಟ್ಟಳು: ‘ಉಯುಮುಶುಂ’. ಅದ್ಭುತ ಪದ. ನಾನು ನಿದ್ದೆ ಮಾಡಿದೆ, ಆದರೆ ನಾನು ಅದನ್ನು ಕಂಡಿಲ್ಲ. ‘ಮಿಶ್’ ಸ್ವರ ಹೊಂದಿಸಿಕೊಂಡು ‘ಮುಶ್’ ಆಗಿ ಉತ್ತಮ ಪುರುಷಕ್ಕೆ ಅಂಟಿಕೊಂಡಿದೆ. ಕನ್ನಡದಲ್ಲಿ ‘ಗೊರಕೆ ಹೊಡೆದೆನಂತೆ’ ಅನ್ನಬಹುದು, ‘ಅಮಾವಾಸ್ಯೆಯ ದಿನ ಹುಟ್ಟಿದೆನಂತೆ’ ಅನ್ನಬಹುದು, ಆದರೆ ಎರಡಕ್ಕೂ ಬೇರೆ ಯಾರಾದರೂ ಬಂದು ಹೇಳಿರಬೇಕು. ಟರ್ಕಿಶ್‌ನವನು ಒಬ್ಬನೇ ಇದ್ದರೂ, ಗಡಿಯಾರ ನೋಡಿಕೊಂಡು ತನ್ನ ನಿದ್ದೆಯನ್ನು ತಾನೇ ಪತ್ತೆಹಚ್ಚಬಹುದು.

ಇದರ ಮೇಲೆಯೇ ನಮ್ಮಲ್ಲಿ ಹಳೆಯ ವ್ಯಾಜ್ಯವಿದೆ. ಗಾಢನಿದ್ದೆಯಿಂದ ಎದ್ದವನು ‘ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ’ ಅನ್ನುತ್ತಾನಲ್ಲ, ಅದು ಯಾವ ಬಗೆಯ ಜ್ಞಾನ? ಊಹೆ, ಎನ್ನುತ್ತಾರೆ ನೈಯಾಯಿಕರು. ಮೈ ಹಗುರಾಗಿದೆ, ಆದ್ದರಿಂದ ಚೆನ್ನಾಗಿ ನಿದ್ದೆ ಬಂದಿದೆ. ಅಲ್ಲ, ಅದು ನೆನಪು, ಎನ್ನುತ್ತಾರೆ ಅದ್ವೈತಿಗಳು. ಅನುಭವವಿಲ್ಲದೆ ನೆನಪಿಲ್ಲ, ಆದ್ದರಿಂದ ನಿದ್ದೆಯ ಕತ್ತಲಲ್ಲೂ ನೋಡುತ್ತಿದ್ದ ಒಂದು ಸಾಕ್ಷಿಚೈತನ್ಯ ಇತ್ತು, ಅದೇ ಆತ್ಮ. ಟರ್ಕಿಶ್ ವ್ಯಾಕರಣ ತಿಳಿಯದೆಯೇ ನೈಯಾಯಿಕರ ಕಡೆ ಕೂತಿದೆ. ನಾನು ಹುಟ್ಟಿನಿಂದ ಅದ್ವೈತಿಗಳ ಕಡೆಯವಳು. ಆ ರಾತ್ರಿ ಒಳಗೆ ಕೂತು ನೋಡುತ್ತಿದ್ದ ಸಾಕ್ಷಿಯನ್ನು ಪ್ರಾಮಾಣಿಕವಾಗಿ ಹುಡುಕಿದೆ. ಸಿಕ್ಕಿದ್ದು ಪಕ್ಕದ ಹೆಂಗಸು ಒಬ್ಬಳೇ. ಆದರೂ ಬಿಟ್ಟಿಲ್ಲ. ಆತ್ಮ ಇದೆಯಂತೆ, ಹಾಗೆ ಹೇಳಿಕೊಂಡೇ ದಿನಾ ಬೆಳಗ್ಗೆ ಕಣ್ಣು ಮುಚ್ಚಿ ಕೂರುತ್ತೇನೆ.

ಮೊನ್ನೆ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಬಾಗಿಲು ತೆಗೆದರೆ ಅಂಗಳವೆಲ್ಲ ಒದ್ದೆ. ರಾತ್ರಿ ಸೆಕೆಗೆ ಫ್ಯಾನಿನ ಸದ್ದಿನಲ್ಲಿ ಏನೂ ಕೇಳಿರಲಿಲ್ಲ. ವರ್ಷದ ಮೊದಲ ಮಳೆ! ಅಂಕಾರಾದಲ್ಲಿ ಬೆಳಕು ಹರಿಯುವವರೆಗೆ ಕಾದು ಫೋನ್ ಮಾಡಿದೆ. ಮೊಮ್ಮಗನಿಗೆ ಅವನ ಭಾಷೆಯಲ್ಲೇ ಹೇಳೋಣವೆಂದು ಅಭ್ಯಾಸ ಮಾಡಿಕೊಂಡಿದ್ದೆ. ಮಳೆಗೆ ಅವರಲ್ಲಿ ‘ಯಾಮುರ್’.

“ಯಾಮುರ್ ಯಾಮಿಶ್ ಕಣೋ!”

“ನಂಗೂ ತೋರ್ಸು.”

ಫೋನು ಹಿಡಿದು ಅಂಗಳಕ್ಕೆ ಇಳಿದೆ. ನುಗ್ಗೆಮರದ ಬುಡ ಒದ್ದೆ, ಕಟ್ಟೆ ಒದ್ದೆ. ಅವನು ಮೇಲೆ ತೋರಿಸು ಅಂದ. ಮೇಲೆ ಎತ್ತಿ ಹಿಡಿದೆ. ಹೆಂಚಿನ ಮೇಲೆ ಹೋದ ವಾರದ ಧೂಳು ಹಾಗೇ ಕೂತಿತ್ತು. ನುಗ್ಗೆಸೊಪ್ಪು ಒಣಗಿ ಮುದುಡಿತ್ತು. ಅಷ್ಟರಲ್ಲಿ ಆಪಾ ಗೇಟಿನ ಹತ್ತಿರ ಬಂದರು. ರಾತ್ರಿ ಎರಡು ಗಂಟೆಗೆ ನಲ್ಲಿ ನೀರು ಬಿಟ್ಟಿದ್ದರಂತೆ, ನಮ್ಮ ಮನೆಯ ನಲ್ಲಿ ತೆರೆದೇ ಇತ್ತಂತೆ, ತೊಟ್ಟಿ ತುಂಬಿ ಹರಿಯುವ ಸದ್ದು ಅವರಿಗೆ ಕೇಳಿಸಿತಂತೆ.

“ಏನಂತೆ ಅಜ್ಜಿ?” ಅಂತ ಫೋನಿನೊಳಗಿಂದ ಕೇಳುತ್ತಿದ್ದ.

“ತಡಿಯೋ,” ಅಂದೆ, “ಮೊದ್ಲು ನಲ್ಲಿ ನಿಲ್ಲಿಸಿ ಬರ್ತೀನಿ.”